ಜಪಾನಿನ ಜಟ್ಟಿ, ಬ್ರೆಜಿಲಿನ ಗುರು: ಮಿತ್ಸುಯೋ ಮಾಯೆದಾ

ಶಕ್ತಿಗಿಂತ ಯುಕ್ತಿ ಮೇಲು ಎಂಬ ಗಾದೆಯನ್ನು ನಾವೆಲ್ಲ ಎಳವೆಯಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಗಾದೆಯನ್ನು ಬಾಯಲ್ಲಿ ಹೇಳುವುದು ಬೇರೆ, ತನಗಿಂತ ಎರಡು ಮಡಿ ತೂಕದ ಮಲ್ಲನ ಎದುರು ನಿಂತು ಅದನ್ನು ಸಾಧಿಸಿ ತೋರಿಸುವುದು ಬೇರೆ. ಐದೂವರೆ ಅಡಿಯೂ ಎತ್ತರವಿಲ್ಲದ, ಎಪ್ಪತ್ತು ಕಿಲೋ ಕೂಡ ತೂಗದ ಒಬ್ಬ ಜಪಾನೀ ತರುಣ ಈ ಗಾದೆಯನ್ನೇ ಬಂಡವಾಳ ಮಾಡಿಕೊಂಡು ಅರ್ಧ ಜಗತ್ತನ್ನು ಸುತ್ತಿದನು. ಕೊನೆಗೆ ಅಮೆಜಾನ್ ನದಿಯ ಮುಖದಲ್ಲಿರುವ ಒಂದು ಪಟ್ಟಣದಲ್ಲಿ ನೆಲೆನಿಂತು, ತಾನು ಕಲಿತ ವಿದ್ಯೆಯ ಬೀಜವನ್ನು ಅಲ್ಲಿ ಬಿತ್ತಿದನು. ಇಂದು ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ಹೆಸರಿನಿಂದ ಲೋಕದ ಮೂಲೆ ಮೂಲೆಗಳಲ್ಲಿ ಕಲಿಸಲ್ಪಡುತ್ತಿರುವ ಮಲ್ಲವಿದ್ಯೆ ಆ ಬೀಜದಿಂದ ಮೊಳೆತದ್ದು. ಆ ತರುಣನೇ ಮಿತ್ಸುಯೋ ಮಾಯೆದಾ.

ಗರಡಿಯೆಂದರೆ ಏನೆಂದು ನಮ್ಮ ಕಡೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಕೋಟಿ ಚೆನ್ನಯರ ಗರಡಿಗಳು, ಕಳರಿಗಳು ನಮ್ಮ ನೆರೆಹೊರೆಯಲ್ಲೇ ಇವೆ. ಗುರುವಿನ ಪಾದ ಮುಟ್ಟದೆ ಆಯುಧ ಮುಟ್ಟಬಾರದು ಎಂಬ ಪದ್ಧತಿ ಇಲ್ಲಿಯದು. ದೂರದ ಜಪಾನಿನಲ್ಲೂ ಹೀಗೆಯೇ. ಆದುದರಿಂದ ಮಾಯೆದಾ ಅವರ ಕಥೆಯನ್ನು ಅವರ ಗುರುವಿನಿಂದ ತೊಡಗಿಯೇ ಹೇಳಬೇಕು.

ಗುರುವೂ ಗುರುಕುಲವೂ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ಜಪಾನಿನಲ್ಲಿ ಹಳೆಯದೆಲ್ಲ ಕಳಚಿ ಬೀಳುತ್ತಿದ್ದ ಕಾಲ. ಕತ್ತಿ ಕಟ್ಟಿ ನಡೆಯುತ್ತಿದ್ದ ಸಮುರಾಯಿಗಳ ವರ್ಗವೇ ಇಲ್ಲವಾಗಿತ್ತು. ಅವರ ಬರಿಗೈ ಕಾಳಗದ ವಿದ್ಯೆಯಾದ ಜುಜುತ್ಸುವನ್ನು ಕೇಳುವವರಿರಲಿಲ್ಲ. ಪಾಶ್ಚಾತ್ಯ ವಿದ್ಯೆಯ ಮೋಹದಲ್ಲಿದ್ದ ಜನರಿಗೆ ಅದು ಪುಂಡರ ಹೊಡೆದಾಟದಂತೆ ಕಾಣುತ್ತಿತ್ತು.

ಅಂಥ ಕಾಲದಲ್ಲಿ ಜಿಗೊರೊ ಕಾನೊ ಎಂಬ ಇಪ್ಪತ್ತೆರಡು ತುಂಬದ ಯುವಕರು 1882ರಲ್ಲಿ ಟೋಕಿಯೊದ ಐಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಒಂದು ಶಾಲೆಯನ್ನು ತೆರೆದರು. ಹನ್ನೆರಡು ಚಾಪೆ ಹಾಸುವಷ್ಟು ಮಾತ್ರ ಅಲ್ಲಿ ಜಾಗವಿತ್ತು. ಅದರ ಹೆಸರು ಕೊಡೊಕಾನ್. ಕಾನೊ ಅವರು ಹಳೆಯ ಜುಜುತ್ಸುವಿನ ಹಲವು ಶಾಖೆಗಳನ್ನು ಅಭ್ಯಾಸ ಮಾಡಿ, ಪ್ರಾಣಾಪಾಯಕರವಾದ ಪೆಟ್ಟುಗಳನ್ನು ಪಂದ್ಯದಿಂದ ಕಿತ್ತುಹಾಕಿ, ಎಸೆತ, ಹಿಡಿತ, ಉಸಿರುಗಟ್ಟಿಸುವಿಕೆ, ಕೀಲು ಮಡಿಸುವಿಕೆ ಇವನ್ನು ಕ್ರಮಬದ್ಧವಾಗಿ ಜೋಡಿಸಿದರು. ಈ ಹೊಸ ಕ್ರಮಕ್ಕೆ ಜೂಡೊ ಎಂದು ಹೆಸರಿಟ್ಟರು. ಮೃದುವಾದ ಮಾರ್ಗ ಎಂಬುದು ಆ ಮಾತಿನ ಅರ್ಥ. ಎದುರಾಳಿ ನೂಕಿದರೆ ಎದುರು ನೂಕದೆ ಹಿಂದೆ ಸರಿದು ಅವನ ಭಾರದಿಂದಲೇ ಅವನನ್ನು ಬೀಳಿಸುವುದು ಅದರ ತಿರುಳು. ಕಾನೊ ಅವರು ವೃತ್ತಿಯಿಂದ ಶಿಕ್ಷಕರು. ಮುಂದೆ ಟೋಕಿಯೊದ ಉನ್ನತ ಶಿಕ್ಷಕರ ತರಬೇತಿ ವಿದ್ಯಾಲಯದ ಮುಖ್ಯಸ್ಥರಾದವರು. ಏಷ್ಯದಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸೇರಿದ ಮೊದಲಿಗರು. ಹಾಗಾಗಿ ಜೂಡೊ ಅವರಿಗೆ ಹಣ ಗಳಿಸುವ ಆಟವಾಗಿರಲಿಲ್ಲ, ಶಿಕ್ಷಣವಾಗಿತ್ತು. ಕಡಿಮೆ ಶ್ರಮದಿಂದ ಹೆಚ್ಚು ಫಲ ಪಡೆಯುವುದು, ಆ ಫಲ ತನಗೂ ಇತರರಿಗೂ ಒದಗುವಂತೆ ಬಾಳುವುದು, ಇವೆರಡೇ ಅವರ ಬೋಧನೆಯ ಸಾರ. ಈ ಮಾತನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ಹಿಮದ ಸೀಮೆಯ ಹುಡುಗ

ಮಿತ್ಸುಯೋ ಮಾಯೆದಾ ಹುಟ್ಟಿದ್ದು 1878ರ ನವೆಂಬರ್ 18ರಂದು. ಜಪಾನಿನ ಮುಖ್ಯ ದ್ವೀಪದ ಬಡಗಣ ತುದಿಯಲ್ಲಿ ಅಓಮೊರಿ ಪ್ರಾಂತ್ಯವಿದೆ. ಚಳಿಗಾಲದಲ್ಲಿ ಆಳೆತ್ತರಕ್ಕೆ ಹಿಮ ಬೀಳುವ ಸೀಮೆ ಅದು. ಅಲ್ಲಿಯ ಹಿರೊಸಾಕಿ ಪಟ್ಟಣದ ಬಳಿಯ ಫುನಝಾವಾ ಎಂಬ ಹಳ್ಳಿ ಅವರ ಹುಟ್ಟೂರು. ಹುಡುಗನಾಗಿದ್ದಾಗ ಹಳ್ಳಿಯ ಇತರ ಮಕ್ಕಳಂತೆ ಸುಮೋ ಕುಸ್ತಿಯಾಡಿದನು. ಆದರೆ ಸುಮೋ ಎಂದರೆ ಗುಡ್ಡದಂಥ ಮೈಯವರ ಆಟ. ಮಾಯೆದಾನ ಮೈ ಅದಕ್ಕೆ ಒದಗುವಂಥದ್ದಾಗಿರಲಿಲ್ಲ.

ಹದಿನೇಳರ ಸುಮಾರಿಗೆ ಓದಿಗಾಗಿ ಟೋಕಿಯೊ ಸೇರಿದ ಹುಡುಗ 1897ರಲ್ಲಿ ಕೊಡೊಕಾನಿನ ಬಾಗಿಲು ತಟ್ಟಿದನು. ಸಣ್ಣ ಮೈಯ ಈ ಹಳ್ಳಿಗನನ್ನು ಪಳಗಿಸುವ ಕೆಲಸವನ್ನು ಕಾನೊ ಅವರು ತ್ಸುನೆಜಿರೊ ತೋಮಿತಾ ಎಂಬ ಹಿರಿಯ ಶಿಷ್ಯರಿಗೆ ವಹಿಸಿದರಂತೆ. ತೋಮಿತಾ ಕೊಡೊಕಾನಿನ ನಾಲ್ವರು ದಿಕ್ಪಾಲಕರೆಂದು ಹೆಸರಾದವರಲ್ಲಿ ಒಬ್ಬರು, ಮೈಕಟ್ಟಿನಲ್ಲಿ ಆ ನಾಲ್ವರಲ್ಲಿ ಅತಿ ಚಿಕ್ಕವರು. ಚಿಕ್ಕ ಮೈಯವನಿಗೆ ಚಿಕ್ಕ ಮೈಯ ಗುರುವೇ ದಾರಿ ತೋರಬಲ್ಲನೆಂದು ಕಾನೊ ಅವರು ಎಣಿಸಿರಬೇಕು. ಆ ಎಣಿಕೆ ಹುಸಿಯಾಗಲಿಲ್ಲ. ಏಳೇ ವರ್ಷಗಳಲ್ಲಿ ಮಾಯೆದಾ ಕೊಡೊಕಾನಿನ ಯುವ ಪೀಳಿಗೆಯ ಮುಂಚೂಣಿಯಲ್ಲಿದ್ದರು. ತಾವು ಕಲಿಯುತ್ತಲೇ ಟೋಕಿಯೊದ ವಿದ್ಯಾಲಯಗಳಲ್ಲಿ ಇತರರಿಗೆ ಕಲಿಸತೊಡಗಿದ್ದರು.

ಕಡಲಾಚೆಗೆ

1904ರಲ್ಲಿ ಜಪಾನಿಗೂ ರಷ್ಯಕ್ಕೂ ಯುದ್ಧ ಹೊತ್ತಿಕೊಂಡಿತು. ಏಷ್ಯದ ಒಂದು ಪುಟ್ಟ ದೇಶ ಯುರೋಪಿನ ದೈತ್ಯನಿಗೆ ಮಣಿಯದೆ ನಿಂತದ್ದನ್ನು ಕಂಡು ಜಗತ್ತು ಬೆರಗಾಯಿತು. ಜಪಾನೀಯರ ಪ್ರತಿಯೊಂದು ವಿದ್ಯೆಯ ಬಗೆಗೂ ಅಮೆರಿಕದಲ್ಲಿ ಕುತೂಹಲ ಮೂಡಿತು. ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರೇ ಕೊಡೊಕಾನಿನ ಯಮಾಶಿತಾ ಎಂಬ ಗುರುವಿನಿಂದ ಜೂಡೊ ಕಲಿತರು. ಅದೇ ವರ್ಷದ ನವೆಂಬರಿನಲ್ಲಿ ತೋಮಿತಾ ಮತ್ತು ಮಾಯೆದಾ ಜೂಡೊ ಪ್ರಚಾರಕ್ಕೆಂದು ಯೊಕೊಹಾಮಾ ಬಂದರಿನಿಂದ ಅಮೆರಿಕದ ಹಡಗನ್ನೇರಿದರು. ಮಾಯೆದಾ ಅವರಿಗೆ ಆಗ ಇಪ್ಪತ್ತಾರು ವರ್ಷ. ಆ ದಿನ ಬಿಟ್ಟ ತಾಯ್ನಾಡಿನ ನೆಲವನ್ನು ಅವರು ಮತ್ತೆ ಮೆಟ್ಟಲಿಲ್ಲ.

1905ರ ಫೆಬ್ರವರಿ 21ರಂದು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದಲ್ಲಿ ಗುರುಶಿಷ್ಯರ ಪ್ರದರ್ಶನ ನಡೆಯಿತು. ಮೊದಲು ಕ್ರಮಬದ್ಧ ಪಟ್ಟುಗಳನ್ನು ತೋರಿಸಿದರು. ನೋಡುವವರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ನಿಜವಾದ ಪಂದ್ಯವೇ ಬೇಕೆಂದರು. ಮಾಯೆದಾ ಒಬ್ಬ ಸೈನಿಕ ವಿದ್ಯಾರ್ಥಿಯನ್ನು ಸಲೀಸಾಗಿ ಎಸೆದರು. ಬಳಿಕ ತೋಮಿತಾ ಅವರ ಸರದಿ. ನಲವತ್ತರ ಹೊಸ್ತಿಲಲ್ಲಿದ್ದ ಗುರು ಮೊದಲನೆಯವನನ್ನು ಬೀಳಿಸಿದರು. ಎರಡನೆಯವನು ಭಾರೀ ಮೈಯ ಫುಟ್‌ಬಾಲ್ ಆಟಗಾರ. ತಾನು ಬೆನ್ನ ಮೇಲೆ ಮಲಗುತ್ತ ಎದುರಾಳಿಯ ಹೊಟ್ಟೆಗೆ ಕಾಲು ಕೊಟ್ಟು ತಲೆಯ ಮೇಲಿನಿಂದ ಹಾರಿಸುವ ಪಟ್ಟೊಂದಿದೆ. ತೋಮಿತಾ ಎರಡು ಬಾರಿ ಅದನ್ನೇ ಪ್ರಯೋಗಿಸಿದರು. ಎರಡು ಬಾರಿಯೂ ಅದು ಸಾಗಲಿಲ್ಲ. ಎದುರಾಳಿ ತಮಗಿಂತ ಬಹಳ ದೊಡ್ಡವನೆಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ದೊಡ್ಡವನನ್ನು ಚಿಕ್ಕವನು ಗೆಲ್ಲುವ ವಿದ್ಯೆ ಇದೆಂದು ಸಾರಲು ಬಂದವರಿಗೆ ಆ ಸಮಾಧಾನ ಸಾಲುತ್ತದೆಯೇ?

ಮುಂದಿನ ತಿಂಗಳು ನ್ಯೂಯಾರ್ಕಿನಲ್ಲಿ ಮಾಯೆದಾ ಅವರಿಗೂ ಒಂದು ಪಾಠ ಕಾದಿತ್ತು. 200 ಪೌಂಡು ತೂಗುವ ಮಲ್ಲನೊಬ್ಬನೊಡನೆ ಅವರ ಪಂದ್ಯ ಏರ್ಪಟ್ಟಿತು. ಭುಜಗಳೆರಡೂ ನೆಲಕ್ಕೆ ತಾಗಿದರೆ ಸೋಲು ಎಂಬುದು ಅಲ್ಲಿಯ ಕುಸ್ತಿಯ ನಿಯಮ. ಜೂಡೊದವನಿಗಾದರೋ ಬೆನ್ನು ನೆಲಕ್ಕೆ ತಾಗಿದಲ್ಲಿಂದಲೇ ಅರ್ಧ ಕೆಲಸ ಆರಂಭ. ಮಾಯೆದಾ ಮೊದಲ ಸುತ್ತನ್ನು ಗೆದ್ದರೂ ಕೊನೆಗೆ ಪಂದ್ಯ ಆ ಮಲ್ಲನ ಪಾಲಾಯಿತು. ಅವರಂತೆ ಪರದೇಶದಲ್ಲಿ ಪಂದ್ಯಕ್ಕಿಳಿದವನಿಗೆ ತನ್ನ ನಿಯಮವನ್ನು ಕಟ್ಟಿಕೊಂಡು ಕೂರಲಾಗದು, ಊರವರ ನಿಯಮವನ್ನೂ ಅರಿತಿರಬೇಕು. ಈ ಪಾಠವನ್ನು ಅವರು ಮರೆಯಲಿಲ್ಲ. ಮುಂದೆ 1908ರಲ್ಲಿ ಲಂಡನ್ನಿನ ಅಲ್ಹಾಂಬ್ರಾ ರಂಗಮಂದಿರದ ಕುಸ್ತಿ ಸ್ಪರ್ಧೆಯಲ್ಲಿ ಪಾಶ್ಚಾತ್ಯ ನಿಯಮಕ್ಕೇ ಒಪ್ಪಿ ಸೆಣಸಿದರು. ಅಲ್ಲಿಯೂ ಸೋಲು ಗೆಲುವು ಎರಡನ್ನೂ ಕಂಡರು. ಅವರು ಜನ್ಮದಲ್ಲಿ ಸೋತದ್ದೇ ಇಲ್ಲ, ಸಾವಿರಾರು ಪಂದ್ಯ ಗೆದ್ದರು ಎಂಬ ಕಥೆಗಳು ಬಹಳ ಹಬ್ಬಿವೆ. ಅವು ಕಥೆಗಳು. ಸೋತು ಕಲಿತರೆಂಬುದೇ ನಿಜ, ಅದೇ ಹೆಚ್ಚಿನದು.

ವಿದ್ಯೆಯನ್ನು ಮಾರಬಹುದೆ?

ತೋಮಿತಾ ಮತ್ತು ಮಾಯೆದಾ ಅವರ ದಾರಿಗಳು ಅಮೆರಿಕದಲ್ಲೇ ಕವಲೊಡೆದವು. ಪ್ರದರ್ಶನ ಕೊಟ್ಟು, ತರಗತಿ ನಡೆಸಿ ಹೊಟ್ಟೆ ಹೊರೆಯುವುದು ಕಷ್ಟವಾಗಿತ್ತು. ಮಾಯೆದಾ ಹಣ ಕಟ್ಟಿದ ಪಂದ್ಯಗಳಿಗೆ ಇಳಿದರು. ರಂಗಮಂದಿರಗಳಲ್ಲಿ, ಸರ್ಕಸ್ಸುಗಳಲ್ಲಿ, ಕುಡಿದು ಕೂಗುವ ಪ್ರೇಕ್ಷಕರ ಎದುರಿನಲ್ಲಿ ಕುಸ್ತಿಗೆ ನಿಂತರು.

ಇದು ಸಣ್ಣ ಸಂಗತಿಯಲ್ಲ. ಕಾನೊ ಅವರ ಶಿಷ್ಯನಾದವನು ವಿದ್ಯೆಯನ್ನು ಸಂತೆಯ ಸರಕು ಮಾಡುವುದನ್ನು ಕೊಡೊಕಾನಿನ ಹಲವರು ಮೆಚ್ಚುತ್ತಿರಲಿಲ್ಲ. 1912ರಲ್ಲಿ ಕೊಡೊಕಾನ್ ಮಾಯೆದಾ ಅವರಿಗೆ ಐದನೆಯ ದರ್ಜೆ ನೀಡಿದಾಗ, ಬಾಡಿಗೆಗೆ ಕುಸ್ತಿಯಾಡುವವನಿಗೆ ಈ ಗೌರವ ಏಕೆಂದು ಜಪಾನಿನಲ್ಲಿ ಕೆಲವರು ಗೊಣಗಿದರು. ಆದರೂ ಕೊಡೊಕಾನ್ ಅವರ ಹೆಸರನ್ನು ತನ್ನ ಪಟ್ಟಿಯಿಂದ ಹೊಡೆದು ಹಾಕಲಿಲ್ಲ. ಇದರ ಅರ್ಥವೇನು? ಗುರು ಒಪ್ಪಿದರೆಂದೇ? ಕ್ಷಮಿಸಿದರೆಂದೇ? ಅದನ್ನು ನಾವು ತೀರ್ಮಾನಿಸುವುದು ಬೇಡ. ವಿದ್ಯೆ ಕಲಿತವನಿಗೆ ಹೊಟ್ಟೆಯೂ ಇದೆ. ಹೊಟ್ಟೆಗಾಗಿ ವಿದ್ಯೆಯನ್ನು ಎಷ್ಟರ ಮಟ್ಟಿಗೆ ಬಗ್ಗಿಸಬಹುದು ಎಂಬ ಪ್ರಶ್ನೆ ಸಂಗೀತಗಾರನಿಗೂ ವೈದ್ಯನಿಗೂ ಶಿಕ್ಷಕನಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಮಾಯೆದಾ ಈ ಪ್ರಶ್ನೆಗೆ ಮಾತಿನಿಂದ ಉತ್ತರ ಕೊಟ್ಟವರಲ್ಲ. ಅವರ ಬಾಳಿನ ಎರಡನೆಯ ಭಾಗವನ್ನು ನೋಡಿಯೇ ನಾವು ಉತ್ತರ ಹುಡುಕಬೇಕು.

ಕಾಸಿಲ್ಲದ ಕೌಂಟ್

ಅವರ ಪ್ರಸಿದ್ಧ ಅಡ್ಡಹೆಸರು ಹುಟ್ಟಿದ್ದು 1908ರಲ್ಲಿ, ಸ್ಪೇನ್ ದೇಶದಲ್ಲಿ. ಕೈಯಲ್ಲಿ ಕಾಸಿಲ್ಲದೆ ಪೇಚಾಡುತ್ತಿದ್ದ ಹೊತ್ತು. ಪಂದ್ಯಕ್ಕೆ ನಿಲ್ಲಲು ಗುರುತು ಮರೆಸುವ ಹೊಸ ಹೆಸರೊಂದು ಬೇಕಾಯಿತು. ಜಪಾನೀ ಭಾಷೆಯಲ್ಲಿ ಕೊಮಾರು ಎಂದರೆ ಪೇಚಿಗೆ ಸಿಲುಕುವುದು. ಅದರ ಬಾಲ ಕತ್ತರಿಸಿ ಕೋಮಾ ಎಂದಿಟ್ಟುಕೊಂಡರು. ಮುಂದೆ ಗತ್ತಿಗೆಂದು ಕೋಂಡೆ ಎಂಬ ಬಿರುದು ಸೇರಿತು. ಕೋಂಡೆ ಎಂದರೆ ಅಲ್ಲಿಯ ಮಾತಿನಲ್ಲಿ ಕೌಂಟ್, ಅಂದರೆ ಒಬ್ಬ ಸಿರಿವಂತ ಪಾಳೆಯಗಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ನಮ್ಮ ಗಾದೆಯನ್ನು ಇಷ್ಟು ನಗುನಗುತ್ತ ತನ್ನ ಹೆಸರಿಗೇ ಅಂಟಿಸಿಕೊಂಡವರು ಬೇರೆ ಇರಲಾರರು. ಪೇಚಾಟದ ಪಾಳೆಯಗಾರ ಎಂಬ ಆ ಹೆಸರು ಸಾಯುವವರೆಗೂ ಉಳಿಯಿತು, ಸತ್ತ ಮೇಲೂ ಉಳಿದಿದೆ.

1909ರಲ್ಲಿ ಮೆಕ್ಸಿಕೊ. ಅಲ್ಲಿ ಅವರು ಒಂದು ಬಹಿರಂಗ ಪಂಥ ಒಡ್ಡಿದ್ದರು. ತಮ್ಮಿಂದ ಎಸೆಯಲಾಗದವನಿಗೆ 100 ಪೆಸೊ, ತಮ್ಮನ್ನೇ ಎಸೆದವನಿಗೆ 500 ಪೆಸೊ ಬಹುಮಾನ. ಬಳಿಕ ಕ್ಯೂಬಾ. ಅಲ್ಲಿ ಸತಾಕೆ, ಓನೊ, ಇತೊ ಎಂಬ ಸ್ವದೇಶೀ ಮಲ್ಲರೊಡನೆ ಸೇರಿ ನಾಲ್ವರು ರಾಜರೆಂದು ಹೆಸರು ಪಡೆದರು. ಅನಂತರ ಮಧ್ಯ ಅಮೆರಿಕ, ಪೆರು, ಚಿಲಿ, ಅರ್ಜೆಂಟೀನ. ಹೀಗೆ ಊರಿಂದೂರಿಗೆ ಅಲೆಯುತ್ತ 1914ರ ನವೆಂಬರಿನಲ್ಲಿ ಬ್ರೆಜಿಲ್ ದೇಶವನ್ನು ದಕ್ಷಿಣದ ಪೋರ್ತೊ ಅಲೆಗ್ರೆಯಲ್ಲಿ ಹೊಕ್ಕರು. ಮರುವರ್ಷದ ಕೊನೆಗೆ ಉತ್ತರದ ಬೆಲೆಮ್ ನಗರವನ್ನು ತಲುಪಿದರು. ನಡುವೆ ಮತ್ತೊಮ್ಮೆ ಯುರೋಪಿಗೆ ಹೋಗಿಬಂದದ್ದುಂಟು. ಆದರೆ ಕಾಲು ನೆಲೆಯೂರಿದ್ದು ಬೆಲೆಮಿನಲ್ಲೇ.

ಬೆಲೆಮಿನ ಗರಡಿ

ಬೆಲೆಮ್ ಅಮೆಜಾನ್ ನದೀಮುಖದ ಬಂದರು, ಪಾರಾ ರಾಜ್ಯದ ರಾಜಧಾನಿ. ನಮ್ಮ ಮೂಡಣ ಗುಡ್ಡಗಳಲ್ಲಿ ಬೆಳೆಯುವ ರಬ್ಬರ್ ಮರದ ತವರು ಅಮೆಜಾನಿನ ಕಾಡು. ಅದಕ್ಕೆ ಪಾರಾ ರಬ್ಬರ್ ಎಂಬ ಹೆಸರು ಬಂದದ್ದು ಈ ರಾಜ್ಯದಿಂದಲೇ. ಆ ಮರದ ಹಾಲಿನಿಂದ ಬೆಲೆಮ್ ಶ್ರೀಮಂತವಾಗಿತ್ತು. ಮಾಯೆದಾ ಹುಟ್ಟಿದ 1878ರಲ್ಲೇ ಅಲ್ಲಿ ಶಾಂತಿ ರಂಗಮಂದಿರವೆಂಬ ಭವ್ಯ ನಾಟಕಶಾಲೆಯೂ ತೆರೆದಿತ್ತು. ಆದರೆ 1876ರಲ್ಲಿ ಆಂಗ್ಲನೊಬ್ಬನು ಸಾಗಿಸಿದ ರಬ್ಬರ್ ಬೀಜಗಳು ಸಿಂಹಳ, ಮಲಯಗಳಲ್ಲಿ ತೋಟಗಳಾಗಿ ಬೆಳೆದವು. ಅಲ್ಲಿಯ ಅಗ್ಗದ ರಬ್ಬರಿನ ಎದುರು 1912ರ ಸುಮಾರಿಗೆ ಬೆಲೆಮಿನ ವ್ಯಾಪಾರ ಕುಸಿಯಿತು. ಮಾಯೆದಾ ಬಂದಿಳಿದದ್ದು ಹೀಗೆ ಸಿರಿ ಇಳಿಮುಖವಾಗಿದ್ದ ಊರಿಗೆ.

ಅಲ್ಲಿ ಅವರು ಮದುವೆಯಾದರು. ಅಲೆದಾಟ ಕಡಿಮೆಯಾಯಿತು. ಗರಡಿಯೊಂದನ್ನು ತೆರೆದರು. 1921ರಲ್ಲಿ ತೆರೆದ ಆ ಗರಡಿ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದು ಕೊಟ್ಟಿಗೆಯಂಥ ಕಟ್ಟಡ. ನಮ್ಮ ಶಾಲೆಯ ಒಂದು ತರಗತಿಯ ಕೋಣೆಗಿಂತಲೂ ಚಿಕ್ಕದು. ಕಾನೊ ಅವರ ಹನ್ನೆರಡು ಚಾಪೆಗಳ ಶಾಲೆಯನ್ನು ಇಲ್ಲಿ ಸ್ಮರಿಸಬಹುದು. ದೊಡ್ಡ ವಿದ್ಯೆಗಳು ಚಿಕ್ಕ ಕೋಣೆಗಳಲ್ಲಿ ಹುಟ್ಟಲು ಹಿಂಜರಿಯುವುದಿಲ್ಲ.

ಅವರು ಕಲಿಸಿದ್ದು ಏನು? ನಿಂತಲ್ಲಿ ಪೆಟ್ಟಿಗೆ ಪೆಟ್ಟು ಕೊಡುತ್ತ ಹೋದರೆ ತೂಕ ಹೆಚ್ಚಿದವನೇ ಗೆಲ್ಲುತ್ತಾನೆ. ಆದುದರಿಂದ ಮೊದಲು ಪೆಟ್ಟು ತಾಗದಷ್ಟು ದೂರದಲ್ಲಿದ್ದು, ಸಮಯ ನೋಡಿ ಒಮ್ಮೆಲೇ ಎದುರಾಳಿಯ ಮೈಗೆ ಅಂಟಿಕೊಳ್ಳಬೇಕು. ಅಷ್ಟು ಹತ್ತಿರವಾದ ಮೇಲೆ ಅವನ ಮುಷ್ಟಿಗೆ ಬೀಸಲು ಜಾಗವಿರುವುದಿಲ್ಲ. ಬಳಿಕ ಅವನನ್ನು ನೆಲಕ್ಕೆ ತರಬೇಕು. ನೆಲದ ಮೇಲೆ ಹಿಡಿತ ಅರಿತವನದೇ ಮೇಲುಗೈ. ಅಲ್ಲಿ ನಮ್ಮ ಇಡೀ ಮೈಯ ಬಲವನ್ನು ಅವನ ಒಂದೇ ಒಂದು ಮೊಣಕೈಯ ಮೇಲೆ ಹೇರಿ, ಕೀಲು ಮಡಿಯದ ದಿಕ್ಕಿಗೆ ಒತ್ತಿದರೆ ಎಂಥ ಭೀಮನಾದರೂ ಸೋಲೊಪ್ಪಬೇಕು. ಕತ್ತಿನ ಎರಡು ಬದಿಯ ರಕ್ತನಾಳಗಳನ್ನು ಒತ್ತಿಹಿಡಿದರೆ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕಲ್ಲೆಬ್ಬಿಸುವ ಹಾರೆಯ ತತ್ತ್ವವನ್ನು ನೀವು ವಿಜ್ಞಾನದ ಪಾಠದಲ್ಲಿ ಸನ್ನೆಗೋಲು ಎಂದು ಓದಿದ್ದೀರಿ. ಅದೇ ತತ್ತ್ವ ಇಲ್ಲಿಯದು. ಈ ವಿದ್ಯೆಯಲ್ಲಿ ಮತ್ತೊಂದು ನಿಯಮವುಂಟು. ಸೋಲೊಪ್ಪುವವನು ಕೈಯಿಂದ ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟುತ್ತಾನೆ. ತಟ್ಟಿದೊಡನೆ ಹಿಡಿತ ಬಿಡಲೇಬೇಕು. ಬಿಡಲು ಬಾರದವನಿಗೆ ಹಿಡಿಯುವ ಅಧಿಕಾರವಿಲ್ಲ. ತಾಲೀಮು ಮಾಡುವ ಇಬ್ಬರೂ ಒಬ್ಬರನ್ನೊಬ್ಬರು ನಂಬದಿದ್ದರೆ ಈ ವಿದ್ಯೆ ಒಂದು ದಿನವೂ ನಡೆಯದು.

ಮಾಯೆದಾ ಜೂಡೊದವರಾಗಿದ್ದರೂ ಬ್ರೆಜಿಲಿನಲ್ಲಿ ಈ ವಿದ್ಯೆಗೆ ಜಿಯು-ಜಿತ್ಸು ಎಂಬ ಹೆಸರೇ ನಿಂತಿತು. ಜೂಡೊ ಎಂಬ ಮಾತು ಹೊಸತು. ಹೊರದೇಶಗಳಲ್ಲಿ ಕಾನೊ ಅವರ ಪದ್ಧತಿಯನ್ನೂ ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು.

ಗ್ರೇಸಿ ಮನೆತನ

ಬೆಲೆಮಿನಲ್ಲಿ ಗಸ್ತಾವೊ ಗ್ರೇಸಿ ಎಂಬ ವ್ಯಾಪಾರಿಯಿದ್ದರು. ಸರ್ಕಸ್ಸಿನ ವ್ಯವಹಾರದಲ್ಲೂ ಅವರಿಗೆ ಸಂಬಂಧವಿತ್ತು. 1902ರಲ್ಲಿ ಹುಟ್ಟಿದ ಅವರ ಹಿರಿಯ ಮಗ ಕಾರ್ಲೋಸ್ ಮಹಾ ತುಂಟ. ಮಾಯೆದಾ ಅವರ ಪ್ರದರ್ಶನ ಕಂಡು ಈ ಹುಡುಗನಿಗೆ ಹುಚ್ಚು ಹಿಡಿಯಿತು. ಹದಿಹರೆಯದಲ್ಲಿ ಅವನು ಮಾಯೆದಾ ಅವರ ಗರಡಿಯ ವಿದ್ಯೆಗೆ ಒಲಿದನು. ಕೆಲವು ವರ್ಷಗಳಲ್ಲಿ ಗ್ರೇಸಿ ಕುಟುಂಬ ರಿಯೊ ನಗರಕ್ಕೆ ವಲಸೆ ಹೋಯಿತು. ಅಲ್ಲಿ ಕಾರ್ಲೋಸ್ ತಮ್ಮಂದಿರನ್ನು ಕೂಡಿಕೊಂಡು 1925ರಲ್ಲಿ ತನ್ನದೇ ಗರಡಿ ತೆರೆದನು.

ಕಾರ್ಲೋಸನ ಕಿರಿಯ ತಮ್ಮ ಹೇಲಿಯೊ 1913ರಲ್ಲಿ ಹುಟ್ಟಿದವನು, ಸಣಕಲು ಮೈಯವನು. ಬಲ ಬೇಡುವ ಎಸೆತಗಳು ಅವನಿಗೆ ಒಗ್ಗದಿರಲು, ನೆಲದ ಮೇಲೆ ಬೆನ್ನಿನ ಮೇಲೆ ಮಲಗಿಯೇ ಕಾಲುಗಳಿಂದ ಎದುರಾಳಿಯನ್ನು ತಡೆದು ಗೆಲ್ಲುವ ಪಟ್ಟುಗಳನ್ನು ಬೆಳೆಸಿಕೊಂಡನು. ಹೀಗೆ ಜೂಡೊದ ಒಂದು ಕೊಂಬೆ ಬೇರೆಯೇ ಮರವಾಗಿ ಬೆಳೆಯಿತು. 1951ರ ಅಕ್ಟೋಬರಿನಲ್ಲಿ ರಿಯೊದ ಮರಕಾನ ಕ್ರೀಡಾಂಗಣದಲ್ಲಿ ಜಪಾನಿನ ಮಹಾಮಲ್ಲ ಮಸಾಹಿಕೊ ಕಿಮುರಾ ಅವರನ್ನು ಹೇಲಿಯೊ ಎದುರಿಸಿದರು. ಕಿಮುರಾ ಅವರ ಹಿಡಿತದಲ್ಲಿ ತೋಳು ತಿರುಚಿಹೋದರೂ ಹೇಲಿಯೊ ಸೋಲೊಪ್ಪಿ ಕೈ ತಟ್ಟಲಿಲ್ಲ. ಕೊನೆಗೆ ಅಣ್ಣ ಕಾರ್ಲೋಸರೇ ಪಂದ್ಯ ನಿಲ್ಲಿಸಿದರು. ಸೋಲಿಸಿದವರ ಮೇಲಿನ ಗೌರವದಿಂದ ಬ್ರೆಜಿಲಿನವರು ಆ ಪಟ್ಟಿಗೆ ಕಿಮುರಾ ಎಂದೇ ಹೆಸರಿಟ್ಟರು. ಇಂದಿಗೂ ಅದೇ ಹೆಸರು.

ಮಾಯೆದಾ ಅವರ ವಿದ್ಯೆ ಗ್ರೇಸಿ ಮನೆಯೊಂದರ ಸೊತ್ತಾಗಿ ಉಳಿಯಲಿಲ್ಲ. ಅವರ ಮತ್ತೊಬ್ಬ ಶಿಷ್ಯ ಲೂಯಿಸ್ ಫ್ರಾನ್ಸಾ ಅವರಿಂದ ಕಲಿತ ಓಸ್ವಾಲ್ಡೊ ಫಡ್ಡಾ ಎಂಬವರು ರಿಯೊ ನಗರದ ಹೊರವಲಯದ ಬಡವರ ಮಕ್ಕಳಿಗೆ ಇದನ್ನು ಕಲಿಸಿದರು.

ಗುಡಿಸಲು ಕಟ್ಟಿದವರು

ಈಗ ಮಾಯೆದಾ ಅವರ ಬಾಳಿನ ಎರಡನೆಯ ಭಾಗ. ಕುಸ್ತಿಯ ಇತಿಹಾಸಕಾರರು ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದುಂಟು. ಆದರೆ ಅವರು ಮಧ್ಯವಯಸ್ಸಿನಲ್ಲಿ ತಮ್ಮನ್ನು ತೊಡಗಿಸಿಕೊಂಡದ್ದು ಇದರಲ್ಲೇ.

ಆ ಕಾಲದಲ್ಲಿ ಜಪಾನಿನ ಹಳ್ಳಿಗಳಲ್ಲಿ ಬಡತನ ಬಹಳವಿತ್ತು. ಹೊಲವಿಲ್ಲದ ರೈತರು ಹೊಸ ನೆಲ ಅರಸುತ್ತಿದ್ದರು. ಅಮೆಜಾನಿನಲ್ಲಿ ನೆಲವಿತ್ತು, ಜನರಿರಲಿಲ್ಲ. 1926ರಲ್ಲಿ ಜಪಾನಿನಿಂದ ಸಮೀಕ್ಷೆಗೆ ಬಂದವರಿಗೆ ಊರಿನ ಭಾಷೆ, ಅಧಿಕಾರಿಗಳ ಪರಿಚಯ, ಕಾಡಿನ ಅರಿವು ಇದ್ದ ಮಾಯೆದಾ ನೆರವಾದರು. 1928ರಲ್ಲಿ ವಸತಿ ಕಂಪೆನಿ ಸ್ಥಾಪನೆಯಾಯಿತು. 1929ರ ಸೆಪ್ಟೆಂಬರಿನಲ್ಲಿ 189 ಮಂದಿಯ ಮೊದಲ ತಂಡ ಬೆಲೆಮಿನ ದಕ್ಷಿಣದ ಕಾಡುಸೀಮೆಗೆ ಬಂದಿಳಿಯಿತು. ಇಂದು ತೊಮೆ-ಅಸು ಎಂದು ಕರೆಯುವ ಊರು ಅದೇ. ಒಂದು ಕಾಲದಲ್ಲಿ ಸವಾಲು ಹಾಕುತ್ತ ತಿರುಗಿದ ಜಟ್ಟಿ ಈಗ ಕಾಗದಪತ್ರ, ಔಷಧಿ, ಅಕ್ಕಿಬೇಳೆಗಳ ಚಿಂತೆಯಲ್ಲಿ ಮುಳುಗಿದರು. ಬ್ರೆಜಿಲಿನ ಪೌರತ್ವ ಪಡೆದು ಓತಾವಿಯೊ ಎಂಬ ಹೆಸರನ್ನೂ ಸೇರಿಸಿಕೊಂಡರು.

ಬಂದವರಿಗೆ ಸುಖವೇನೂ ಕಾದಿರಲಿಲ್ಲ. ನೆಚ್ಚಿ ನೆಟ್ಟ ಕೊಕ್ಕೊ ಕೈಕೊಟ್ಟಿತು. ಬೆಳೆದ ತರಕಾರಿಯನ್ನು ಕೊಳ್ಳುವವರಿರಲಿಲ್ಲ. ಮಲೇರಿಯ ಮನೆಮನೆಯಲ್ಲಿ ಹೆಣ ಬೀಳಿಸಿತು. ಅನೇಕ ಕುಟುಂಬಗಳು ಊರು ಬಿಟ್ಟು ದಕ್ಷಿಣದ ನಗರಗಳಿಗೆ ಹೋದವು. ತನ್ನ ಮಾತು ನಂಬಿ ಬಂದ ಜನ ಹೀಗೆ ನರಳುವುದನ್ನು ಕಾಣುವುದು ಯಾವ ಪಂದ್ಯದ ಸೋಲಿಗಿಂತಲೂ ಕಠಿಣ. ಇಲ್ಲಿ ಕೈ ತಟ್ಟಿದರೆ ಬಿಟ್ಟುಬಿಡುವ ಎದುರಾಳಿಯೂ ಇಲ್ಲ. ಆದರೂ ಮಾಯೆದಾ ಬೆನ್ನು ತಿರುಗಿಸಿ ಜಪಾನಿಗೆ ಹೊರಡಲಿಲ್ಲ.

1933ರಲ್ಲಿ ವಲಸೆಗಾರರನ್ನು ಕರೆತರುತ್ತಿದ್ದ ಹಡಗು ಸಿಂಗಾಪುರದಲ್ಲಿ ತಂಗಿದಾಗ, ಕಂಪೆನಿಯ ನೌಕರನೊಬ್ಬನು ಇಪ್ಪತ್ತು ಮೆಣಸಿನ ಬಳ್ಳಿಯ ಗಿಡಗಳನ್ನು ತಂದನು. ಬದುಕಿದ್ದು ಬೆರಳೆಣಿಕೆಯಷ್ಟು. ಅದು ಯಾವ ಮೆಣಸು ಬಲ್ಲಿರಾ? ನಾವು ಒಳ್ಳೆಮೆಣಸು ಎನ್ನುವ ಕರಿಮೆಣಸು. ನಮ್ಮ ಪಶ್ಚಿಮಘಟ್ಟದ ಕಾಡುಗಳೇ ಅದರ ತವರು. ಇಲ್ಲಿಂದಲೇ ಅದು ಎಂದೋ ಮೂಡಣ ದ್ವೀಪಗಳಿಗೆ ಹೋದದ್ದು. ನಮ್ಮ ಹಿತ್ತಲಿನ ಅಡಿಕೆ ಮರಕ್ಕೂ ಹಲಸಿನ ಮರಕ್ಕೂ ಹಬ್ಬುವ ಆ ಬಳ್ಳಿಯ ಸಂತತಿ ಅಮೆಜಾನಿನಲ್ಲಿ ಬೇರುಬಿಟ್ಟಿತು. ಅಮೆಜಾನಿನ ರಬ್ಬರ್ ನಮ್ಮ ಗುಡ್ಡಕ್ಕೆ ಬಂತು, ನಮ್ಮ ಮೆಣಸು ಅಮೆಜಾನಿಗೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯದ ಮೆಣಸಿನ ತೋಟಗಳು ಹಾಳಾದವು. ಯುದ್ಧ ಮುಗಿದ ಮೇಲೆ ಮೆಣಸಿನ ಬೆಲೆ ಗಗನಕ್ಕೇರಿ ತೊಮೆ-ಅಸುವಿನ ಜನ ಅದನ್ನು ಕಪ್ಪು ವಜ್ರವೆಂದು ಕರೆದರು. ಮುಂದೆ ಬೇರು ಕೊಳೆಯುವ ರೋಗ ತೋಟಗಳನ್ನು ತಿಂದಾಗ, ಅವರು ಮೆಣಸು, ಕೊಕ್ಕೊ, ಹಣ್ಣಿನ ಗಿಡ, ಕಾಡುಮರಗಳನ್ನು ಒಟ್ಟಿಗೆ ಬೆಳೆಸುವ ಮಿಶ್ರಕೃಷಿಗೆ ಹೊರಳಿದರು. ಇಂದು ಬ್ರೆಜಿಲ್ ಮೆಣಸು ಬೆಳೆಯುವ ಮುಂಚೂಣಿಯ ದೇಶಗಳಲ್ಲಿ ಒಂದು.

ಕಾಣದ ಫಸಲು

ಮಾಯೆದಾ ಇದಾವುದನ್ನೂ ಕಾಣಲಿಲ್ಲ. 1941ರ ನವೆಂಬರ್ 28ರಂದು, ಅರುವತ್ತಮೂರು ತುಂಬಿದ ಹತ್ತನೆಯ ದಿನ, ಮೂತ್ರಪಿಂಡದ ಕಾಯಿಲೆಯಿಂದ ಅವರು ಬೆಲೆಮಿನಲ್ಲಿ ತೀರಿಕೊಂಡರು. ಆಗ ಮೆಣಸಿನ ಬಳ್ಳಿಗೆ ಬೆಲೆ ಬಂದಿರಲಿಲ್ಲ. ಕೊಡೊಕಾನ್ ಅವರಿಗೆ ನೀಡಿದ ಏಳನೆಯ ದರ್ಜೆಯ ಪತ್ರದ ತಾರೀಕು ಸಾವಿನ ಹಿಂದಿನ ದಿನದ್ದು. ಗುರು ಕಾನೊ ಅವರು ಮೂರು ವರ್ಷ ಮೊದಲೇ, 1938ರಲ್ಲಿ, ಹಡಗಿನ ಪ್ರಯಾಣದಲ್ಲಿ ಕಣ್ಣು ಮುಚ್ಚಿದ್ದರು. ಮಾಯೆದಾ ಸತ್ತ ಹತ್ತೇ ದಿನದೊಳಗೆ ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಮರುವರ್ಷ ಬ್ರೆಜಿಲ್ ಜಪಾನಿನ ಸಂಬಂಧ ಕಡಿದುಕೊಂಡಿತು. ಬೆಲೆಮಿನಲ್ಲಿ ಜಪಾನೀಯರ ಮನೆಗಳಿಗೆ ಬೆಂಕಿ ಬಿತ್ತು. ಅವರನ್ನೆಲ್ಲ ತೊಮೆ-ಅಸುವಿನಲ್ಲಿ ಕೂಡಿಹಾಕಿದರು. ಮಾಯೆದಾ ಬದುಕಿದ್ದರೆ ಹುಟ್ಟಿದ ನಾಡು, ಒಪ್ಪಿಕೊಂಡ ನಾಡು ಇವೆರಡರ ನಡುವೆ ಅವರ ಪಾಡು ಏನಾಗುತ್ತಿತ್ತೋ! ಗಡಿಯ ನಾಡಿನಲ್ಲಿ ಬಾಳುವ ನಾವು ಆ ಸಂಕಟವನ್ನು ಅಷ್ಟಿಷ್ಟಾದರೂ ಊಹಿಸಬಲ್ಲೆವು.

1956ರಲ್ಲಿ ಹುಟ್ಟೂರಾದ ಹಿರೊಸಾಕಿಯಲ್ಲಿ ಅವರ ಸ್ಮಾರಕ ಶಿಲೆಯನ್ನು ನಿಲ್ಲಿಸಿದರು. ಕಾನೊ ಅವರ ಮಗ ರಿಸೆಯಿ ಕಾನೊ ಆ ಸಮಾರಂಭಕ್ಕೆ ಬಂದಿದ್ದರು. ಬದುಕಿದ್ದಾಗ ಮರಳದ ಶಿಷ್ಯನನ್ನು ಗುರುವಿನ ಮನೆತನ ಹೀಗೆ ಊರಿಗೆ ಬರಮಾಡಿಕೊಂಡಿತು. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ತೂಕದ ಮಿತಿಯಿಲ್ಲದ ಕಾಳಗ ಸ್ಪರ್ಧೆಯೊಂದು ನಡೆದಾಗ, ಹೇಲಿಯೊ ಅವರ ಸಪೂರ ಮೈಯ ಮಗ ರಾಯ್ಸ್ ಗ್ರೇಸಿ ಒಂದೇ ಸಂಜೆ ಮೂವರನ್ನು ಸೋಲಿಸಿದರು. ಅಂದಿನಿಂದ ಬ್ರೆಜಿಲಿನ ಜಿಯು-ಜಿತ್ಸು ಜಗತ್ತಿನ ಮನೆಮಾತಾಯಿತು. ವೆಸ್ಟ್ ಪಾಯಿಂಟಿನಲ್ಲಿ ತೋಮಿತಾ ಅವರಿಂದ ಆಗದೆ ಉಳಿದ ಕೆಲಸವನ್ನು ಎಂಬತ್ತೆಂಟು ವರ್ಷಗಳ ಮೇಲೆ ಅದೇ ಪರಂಪರೆಯ ಕುಡಿಯೊಂದು ಅದೇ ದೇಶದಲ್ಲಿ ಮಾಡಿ ಮುಗಿಸಿತು.

ಈಗ ಹಿಂದೆ ಕೇಳಿದ ಪ್ರಶ್ನೆಗೆ ಬರೋಣ. ಮಾಯೆದಾ ವಿದ್ಯೆಯನ್ನು ಹಣಕ್ಕೆ ಮಾರಿದರು, ನಿಜ. ಆದರೆ ಮಾರಿದ್ದಷ್ಟೇ ಆಗಿದ್ದರೆ ನೂರಾರು ಸರ್ಕಸ್ ಜಟ್ಟಿಗಳ ಜತೆ ಅವರ ಹೆಸರೂ ಅಳಿದುಹೋಗುತ್ತಿತ್ತು. ಅವರು ಪರದೇಶದ ಮಕ್ಕಳಿಗೆ ಆ ವಿದ್ಯೆಯನ್ನು ಕೊಟ್ಟರು, ಸ್ವದೇಶದ ಬಡವರಿಗೆ ನೆಲ ದೊರಕಿಸಲು ದುಡಿದರು. ಫಲ ತನಗೂ ಇತರರಿಗೂ ಒದಗುವಂತೆ ಬಾಳಬೇಕೆಂಬ ಗುರುವಿನ ಬೋಧನೆಯನ್ನು ಅವರು ಮರೆತಿದ್ದರೆನ್ನಲು ಸಾಧ್ಯವಿಲ್ಲ.

ವಿದ್ಯಾರ್ಥಿ ಮಿತ್ರರೇ, ಮೆಣಸಿನ ಬಳ್ಳಿ ನೆಟ್ಟವರಿಗೆ ಗೊತ್ತು, ಅದು ನೆಟ್ಟ ವರ್ಷವೇ ಕರೆ ಬಿಡುವುದಿಲ್ಲ. ಮೂರು ನಾಲ್ಕು ವರ್ಷ ನೀರೆರೆದು, ನೆರಳು ಕಾಯ್ದು ಸುಮ್ಮನಿರಬೇಕು. ಕೆಲವು ಬಳ್ಳಿಗಳ ಫಸಲನ್ನು ನೆಟ್ಟವರು ಕೊಯ್ಯುವುದೇ ಇಲ್ಲ, ಮಕ್ಕಳು ಕೊಯ್ಯುತ್ತಾರೆ. ಹಾಗೆಂದು ನಮ್ಮ ಹಿರಿಯರು ನೆಡುವುದನ್ನು ಬಿಟ್ಟವರಲ್ಲ. ಮಾಯೆದಾ ಅವರೂ ಬಿಡಲಿಲ್ಲ.